ಹಕ್ಕಿಗಳ ಚರಿತ್ರಕಾರ ಅಲೆಕ್ಸಾಂಡರ್ ವಿಲ್ಸನ್

ತಾನು ಬರೆದ ಪದ್ಯವನ್ನು ಜನರೆದುರು ತನ್ನ ಕೈಯಿಂದಲೇ ಬೆಂಕಿಗೆ ಹಾಕಬೇಕಾಗಿ ಬಂದ ಕವಿಯ ಸಂಕಟ ಸಾಮಾನ್ಯವಾದುದಲ್ಲ. ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನಲ್ಲಿ, 1793ರಲ್ಲಿ, ಅಲೆಕ್ಸಾಂಡರ್ ವಿಲ್ಸನ್ ಎಂಬ ನೇಕಾರನಿಗೆ ಆ ಶಿಕ್ಷೆ ಒದಗಿತು. ಅಂದು ಅವಮಾನದಿಂದ ತಲೆತಗ್ಗಿಸಿದ ಆ ಮನುಷ್ಯನನ್ನೇ ವಿದ್ವಾಂಸರು ಇಂದು ಅಮೆರಿಕದ ಪಕ್ಷಿಶಾಸ್ತ್ರದ ಜನಕನೆಂದು ಗೌರವಿಸುತ್ತಾರೆ. ಆ ಅವಮಾನಕ್ಕೂ ಅವನ ಮರಣಕ್ಕೂ ನಡುವಿನ ಇಪ್ಪತ್ತು ವರ್ಷಗಳೇ ಅವನ ಬಾಳಿನ ಸಾರ.

ವಿಲ್ಸನ್ ಹುಟ್ಟಿದುದು 1766ರ ಜುಲೈ 6ರಂದು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವನು ಹದಿಮೂರನೆಯ ವಯಸ್ಸಿಗೆ ಭಾವನ ಬಳಿ ಮಗ್ಗಕ್ಕೆ ಕುಳಿತ. ಕೈ ಲಾಳಿಯೆಸೆಯುತ್ತಿದ್ದರೆ ಮನಸ್ಸು ಪದ್ಯ ಕಟ್ಟುತ್ತಿತ್ತು. ಮುಂದೆ ಬಟ್ಟೆಯ ಗಂಟು ಹೊತ್ತು ಊರೂರು ತಿರುಗುವಾಗ ತನ್ನ ಪದ್ಯಗಳಿಗೂ ಕೊಳ್ಳುವವರನ್ನು ಹುಡುಕಿದ. ಹೆಸರಿಲ್ಲದೆ ಅಚ್ಚಾದ ಅವನ ಕಥನಕವನವೊಂದನ್ನು ಜನ ರಾಬರ್ಟ್ ಬರ್ನ್ಸನದೆಂದೇ ಭಾವಿಸಿದರು. ಆದರೆ ನೇಕಾರರಿಗೆ ಅಳತೆಯಲ್ಲಿ ಮೋಸಮಾಡುವನೆಂದು ಗಿರಣಿಯ ಒಡೆಯನೊಬ್ಬನನ್ನು ಹಳಿದು ಬರೆದ ವಿಡಂಬನೆ ಅವನಿಗೇ ಮುಳುವಾಯಿತು. ಹಣ ಕೊಟ್ಟರೆ ಪದ್ಯವನ್ನು ತಡೆಹಿಡಿಯುವೆನೆಂದು ಬೆದರಿಸಿದ ತಪ್ಪೂ ಅವನದಾಗಿತ್ತು. ಸೆರೆಮನೆ, ದಂಡ, ಪದ್ಯದಹನ ಎಲ್ಲವನ್ನೂ ಅನುಭವಿಸಿ, 1794ರಲ್ಲಿ ಸೋದರಳಿಯನೊಡನೆ ಅಮೆರಿಕದ ಹಡಗು ಹತ್ತಿದ.

ಹೊಸ ನಾಡು ಕೊಟ್ಟುದು ಬಡ ಉಪಾಧ್ಯಾಯನ ಬಾಳು. 1802ರಲ್ಲಿ ಫಿಲಡೆಲ್ಫಿಯಾ ನಗರದ ಬಳಿಯ ಗ್ರೇಸ್ ಫೆರಿಯ ಶಾಲೆಗೆ ಬಂದಾಗ ಅವನದು ಕುಗ್ಗಿದ ಮನಸ್ಸು. ಅಲ್ಲಿಗೆ ಸಮೀಪದಲ್ಲಿಯೇ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್‌ನ ತೋಟವಿತ್ತು. ಆ ಹಿರಿಯನು ತೋಟದ ಬಾಗಿಲನ್ನೂ ಪುಸ್ತಕಗಳ ಬಾಗಿಲನ್ನೂ ಏಕಕಾಲಕ್ಕೆ ತೆರೆದ. ಆ ದೇಶದ ಹಕ್ಕಿಗಳನ್ನೆಲ್ಲ ಬರೆದಿಡಬೇಕೆಂಬ ಹಂಬಲ ವಿಲ್ಸನ್ನನಲ್ಲಿ ಮೊಳೆತುದು ಅಲ್ಲಿ. ಚಿತ್ರಕಲೆಯ ಗಂಧವಿಲ್ಲದ ಅವನು ಸುಮಾರು ಮೂವತ್ತೇಳರ ವಯಸ್ಸಿನಲ್ಲಿ, ಹಗಲೆಲ್ಲ ಮಕ್ಕಳಿಗೆ ಪಾಠ ಹೇಳಿ, ರಾತ್ರಿ ಮೋಂಬತ್ತಿಯ ಬೆಳಕಿನಲ್ಲಿ ಗೂಬೆಯನ್ನೂ ಗುಬ್ಬಿಯನ್ನೂ ತಿದ್ದುತ್ತ ಕುಳಿತ.

1807ರಲ್ಲಿ ಬ್ರಾಡ್‌ಫೋರ್ಡ್ ಎಂಬ ಪ್ರಕಾಶಕನು ಪುಸ್ತಕವನ್ನು ಹೊರತರಲು ಒಪ್ಪಿದ. ಚಂದಾದಾರರನ್ನು ಹುಡುಕುವ ಹೊಣೆ ಗ್ರಂಥಕರ್ತನದು. ಅಲೆಕ್ಸಾಂಡರ್ ಲಾಸನ್ ತಾಮ್ರದ ಫಲಕಗಳನ್ನು ಕೊರೆದ. ಅಚ್ಚಾದ ಪ್ರತಿಯೊಂದು ಚಿತ್ರಕ್ಕೂ ಕೈಯಿಂದಲೇ ಬಣ್ಣ ತುಂಬಬೇಕಾಗಿತ್ತು. 'ಅಮೆರಿಕನ್ ಆರ್ನಿಥಾಲಜಿ'ಯ ಮೊದಲ ಸಂಪುಟ 1808ರಲ್ಲಿ ಹೊರಬಂತು. ಇಡೀ ಗ್ರಂಥಮಾಲೆಯ ಬೆಲೆ 120 ಡಾಲರು. ಅಂದಿನ ಕಾಲಕ್ಕೆ ಅದು ಶ್ರೀಮಂತರೂ ಯೋಚಿಸುವಂಥ ಮೊತ್ತ. ಹಿಂದೆ ಬಟ್ಟೆಯ ಗಂಟು ಹೊತ್ತ ಹೆಗಲು ಈಗ ಪುಸ್ತಕವನ್ನು ಹೊತ್ತಿತು. ಮನೆಮನೆಯ ಬಾಗಿಲು ತಟ್ಟುತ್ತ, ದಾರಿಯಲ್ಲಿ ಕಂಡ ಹಕ್ಕಿಯನ್ನು ಗುರುತುಹಾಕಿಕೊಳ್ಳುತ್ತ ಅವನು ದೇಶವನ್ನು ಸುತ್ತಿದ.

ಆ ಸುತ್ತಾಟದಲ್ಲಿ ಒಂದು ಪ್ರಸಂಗ ಮರೆಯಲಾಗದ್ದು. ಉತ್ತರ ಕ್ಯಾರೊಲಿನಾದ ವಿಲ್ಮಿಂಗ್‌ಟನ್ ಬಳಿ ದಂತವರ್ಣದ ಕೊಕ್ಕಿನ ದೊಡ್ಡ ಮರಕುಟಿಗವೊಂದರ ರೆಕ್ಕೆಗೆ ಅವನ ಗುಂಡು ತಗುಲಿತು. ಅದು ಎಳೆಮಗುವಿನಂತೆ ಚೀರಿತು. ಮುಸುಕುಹಾಕಿ ಊರೊಳಗೆ ತಂದಾಗ ಆ ದನಿ ಕೇಳಿ ಹೆಂಗಸರು ಗಾಬರಿಯಿಂದ ಬಾಗಿಲಿಗೆ ಬಂದರು. ವಸತಿಗೃಹದ ಕೋಣೆಯಲ್ಲಿ ಬಿಟ್ಟು ತುಸು ಹೊತ್ತು ಹೊರಗೆ ಹೋಗಿ ಬರುವಷ್ಟರಲ್ಲಿ ಅದು ಗೋಡೆಯ ಗಾರೆಯನ್ನು ಕುಕ್ಕಿ ಕೆಡವಿತ್ತು. ಮೇಜಿಗೆ ಕಟ್ಟಿದರೆ ಮೇಜನ್ನೇ ಸೀಳಿತು. ಚಿತ್ರ ಬರೆಯುವಾಗ ಅವನ ಕೈಯನ್ನೂ ಗಾಯಗೊಳಿಸಿತು. ಆದರೆ ಒಂದು ತುತ್ತನ್ನೂ ಮುಟ್ಟದೆ ಮೂರು ದಿನಗಳಲ್ಲಿ ಪ್ರಾಣಬಿಟ್ಟಿತು. ವಿಲ್ಸನ್ ಮರುಗಿದ. ದುರ್ಬೀನಿನಿಂದಲೂ ಛಾಯಾಚಿತ್ರದಿಂದಲೂ ಹಕ್ಕಿಗಳನ್ನು ಅರಿಯುವ ಕಾಲ ಇನ್ನೂ ಬಂದಿರಲಿಲ್ಲ; ಕೋವಿಯಿಲ್ಲದೆ ಅಂದಿನ ಪಕ್ಷಿಶಾಸ್ತ್ರವಿಲ್ಲ. ಪ್ರೀತಿಸಿದ್ದನ್ನು ಕೊಂದು ಉಳಿಸಬೇಕಾದ ಈ ವೈಷಮ್ಯವನ್ನು ಅವನು ಮುಚ್ಚಿಡಲಿಲ್ಲ. ಹಕ್ಕಿಯ ಛಲವನ್ನೂ ತನ್ನ ಮರುಕವನ್ನೂ ಗ್ರಂಥದಲ್ಲಿಯೇ ದಾಖಲಿಸಿದ.

1810ರಲ್ಲಿ ಪಿಟ್ಸ್‌ಬರ್ಗಿನಿಂದ ಒಬ್ಬನೇ ಸಣ್ಣ ದೋಣಿಯಲ್ಲಿ ಒಹಾಯೊ ನದಿಗುಂಟ ಹೊರಟು ಲೂಯಿವಿಲ್ ಸೇರಿದ. ಅಲ್ಲಿ ಅಂಗಡಿಯಿಟ್ಟಿದ್ದ ತರುಣ ಆಡುಬಾನನ ಭೇಟಿಯಾಯಿತು. ಅವನು ಚಂದಾದಾರನಾಗಲಿಲ್ಲ, ಮುಂದೆ ತನ್ನ ಭವ್ಯ ಚಿತ್ರಗಳಿಂದ ವಿಲ್ಸನ್ನನ ಕೀರ್ತಿಯನ್ನೇ ಮಸುಕಾಗಿಸಿದ. ಕೆಂಟಕಿಯಲ್ಲಿ ವಿಲ್ಸನ್ ವಲಸೆ ಪಾರಿವಾಳಗಳ ಮಹಾಪ್ರವಾಹವನ್ನು ಕಂಡ. ಬೆರಗಾಗಿ ನಿಲ್ಲದೆ ಎಣಿಕೆಗೆ ತೊಡಗಿದ: ಒಂದು ಮೈಲಿ ಅಗಲ, ನಿಮಿಷಕ್ಕೊಂದು ಮೈಲಿ ವೇಗ, ನಾಲ್ಕು ಗಂಟೆ ಕಾಲ, ಚದರ ಗಜಕ್ಕೆ ಮೂರು ಹಕ್ಕಿ. ಲೆಕ್ಕ 223 ಕೋಟಿಯನ್ನು ದಾಟಿತು. ಅಳತೆಯ ಮೋಸವನ್ನು ಹಳಿದು ಸೆರೆ ಕಂಡಿದ್ದ ನೇಕಾರ ಆಕಾಶವನ್ನೇ ಅಳೆದಿದ್ದ.

ಕಡೆಗಾಲದಲ್ಲಿ ಬಣ್ಣ ತುಂಬುವವರು ಬಿಟ್ಟುಹೋಗಿ ಆ ಕೆಲಸವೂ ಅವನ ಮೇಲೆ ಬಿತ್ತು. ಏಳು ಸಂಪುಟಗಳು ಹೊರಬಂದಿದ್ದವು. 1813ರ ಆಗಸ್ಟ್ 23ರಂದು, ತನ್ನ 47ನೆಯ ವಯಸ್ಸಿನಲ್ಲಿ, ಆಮಶಂಕೆಯಿಂದ ಅವನು ತೀರಿಕೊಂಡ. ಉಳಿದ ಎರಡು ಸಂಪುಟಗಳನ್ನು ಗೆಳೆಯ ಜಾರ್ಜ್ ಆರ್ಡ್ ಹೊರತಂದ.

ಆಡುಬಾನನ ಚಿತ್ರಗಳ ಬೆಡಗು ವಿಲ್ಸನ್ನನಲ್ಲಿಲ್ಲ ನಿಜ. ಖರ್ಚು ಉಳಿಸಲು ಒಂದೇ ಫಲಕದಲ್ಲಿ ಹಲವು ಹಕ್ಕಿಗಳನ್ನು ಕೂಡಿಸಿದ ಬಡತನದ ಕಲೆ ಅವನದು. ಆದರೆ ಕಂಡದ್ದನ್ನು ಕಂಡಷ್ಟೇ ಹೇಳುವ ನಿಷ್ಠೆ ಅಲ್ಲಿದೆ. ಅವನೆಣಿಸಿದ ಕೋಟ್ಯಂತರ ಪಾರಿವಾಳಗಳ ಕುಲದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಆ ಲೆಕ್ಕವನ್ನು ಅವನು ಬರೆದಿಡದಿದ್ದರೆ, ಲೋಕ ಕಳೆದುಕೊಂಡುದು ಎಷ್ಟೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.