ಹುಡುಗರ ಜೊತೆ ಬರೆಯಲು ಕೂತ ಮೇಷ್ಟ್ರು: ಟಾಲ್‌ಸ್ಟಾಯ್

ಲಿಯೋ ಟಾಲ್‌ಸ್ಟಾಯ್ ಅಂದರೆ ರಷ್ಯಾ ದೇಶದ ದೊಡ್ಡ ಕಾದಂಬರಿಕಾರರು, ‘ಯುದ್ಧ ಮತ್ತು ಶಾಂತಿ’ ಬರೆದವರು, ನಮ್ಮ ಗಾಂಧೀಜಿ ಬಹಳ ಗೌರವಿಸಿದವರು ಅಂತ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ಅವರು ಹಳ್ಳಿ ಹುಡುಗರಿಗೆ ಮೇಷ್ಟ್ರೂ ಆಗಿದ್ದರು ಎಂಬುದು ನನಗಂತೂ ಗೊತ್ತಿರಲಿಲ್ಲ. ಅದಕ್ಕೇ ಈ ಸಲ ಅವರ ಬಗ್ಗೆ ಬರೆಯುತ್ತಿದ್ದೇನೆ.

ಟಾಲ್‌ಸ್ಟಾಯ್ 1828ರಲ್ಲಿ ಯಾಸ್ನಾಯಾ ಪೋಲ್ಯಾನಾ ಎಂಬಲ್ಲಿ ದೊಡ್ಡ ಜಮೀನ್ದಾರರ ಮನೆಯಲ್ಲಿ ಹುಟ್ಟಿದರು. ಅದು ಮಾಸ್ಕೋ ನಗರದಿಂದ ದಕ್ಷಿಣಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿದೆ. ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು, ಎಂಟು ವರ್ಷದವರಿದ್ದಾಗ ತಂದೆಯೂ ಹೋದರು. ವಿಶ್ವವಿದ್ಯಾಲಯಕ್ಕೆ ಸೇರಿದರು, ಆದರೆ 1847ರಲ್ಲಿ ಪದವಿ ಪಡೆಯದೆ ವಾಪಸ್ ಬಂದುಬಿಟ್ಟರು. ಅದೇ ವರ್ಷ ಡೈರಿ ಬರೆಯಲು ಶುರುಮಾಡಿದರು. ಬೇಗ ಏಳಬೇಕು, ಜೂಜಾಡಬಾರದು ಅಂತ ತಮಗೆ ತಾವೇ ನಿಯಮ ಹಾಕಿಕೊಳ್ಳುವುದು, ಆಮೇಲೆ ಅದನ್ನು ಮುರಿದದ್ದನ್ನೂ ಮುಚ್ಚಿಡದೆ ಅಲ್ಲೇ ಬರೆಯುವುದು. ಮಧ್ಯೆ ಮಧ್ಯೆ ವರ್ಷಗಟ್ಟಲೆ ಬಿಟ್ಟಿದ್ದೂ ಉಂಟು. ಆದರೂ ಆ ಅಭ್ಯಾಸ 1910ರಲ್ಲಿ ಸಾಯುವ ತನಕ ಹೋಗಲಿಲ್ಲ. ಸೈನ್ಯದಲ್ಲಿದ್ದಾಗಲೇ, 1852ರಲ್ಲಿ, ‘ಬಾಲ್ಯ’ ಎಂಬ ಮೊದಲ ಪುಸ್ತಕ ಪ್ರಕಟವಾಗಿ ಹೆಸರು ಬಂತು.

1859ರಲ್ಲಿ ತಮ್ಮ ಊರಿನಲ್ಲೇ ರೈತರ ಮಕ್ಕಳಿಗೆ ಶಾಲೆ ತೆರೆದರು. ಆಗ ಅಲ್ಲಿನ ರೈತರು ಜಮೀನ್ದಾರರ ಜೀತದಾಳುಗಳು. 1861ರಲ್ಲಿ ಕಾನೂನು ಬಂದ ಮೇಲೆಯೇ ಅವರಿಗೆ ಬಿಡುಗಡೆ. ಶಾಲೆಯಲ್ಲಿ ಸುಮಾರು 40 ಮಕ್ಕಳು. ಫೀಸಿಲ್ಲ, ಏಟಿಲ್ಲ, ಮನೆಗೆಲಸವೂ ಇಲ್ಲ! (ಇದನ್ನು ಓದುವಾಗ ಯಾರೂ ನಿಟ್ಟುಸಿರು ಬಿಡಬೇಡಿ.)

ಇಷ್ಟಿದ್ದರೂ ಪ್ರಬಂಧ ಬರೆಸುವುದು ಮಾತ್ರ ಆಗಲೇ ಇಲ್ಲ. ರೊಟ್ಟಿಯ ಬಗ್ಗೆ ಬರೆಯಿರಿ, ಗುಡಿಸಲಿನ ಬಗ್ಗೆ ಬರೆಯಿರಿ, ಮರದ ಬಗ್ಗೆ ಬರೆಯಿರಿ ಎಂದರೆ ಮಕ್ಕಳಿಗೆ ಅಳುವೇ ಬರುತ್ತಿತ್ತು. ಸುಲಭ ಅಂತ ಕೊಟ್ಟ ವಿಷಯಗಳೇ ಕಷ್ಟವಾದವು. ನಮ್ಮಲ್ಲೂ ಹಸುವಿನ ಬಗ್ಗೆ ಬರೆಯಿರಿ ಎಂದರೆ ನಲವತ್ತು ಜನರೂ ಹಸು ಒಂದು ಸಾಧು ಪ್ರಾಣಿ ಅಂತ ಬರೆದು ಪೆನ್ನು ಕಚ್ಚುತ್ತೇವಲ್ಲ, ಹಾಗೆ. ಹೋದ ವಾರ ನಮ್ಮ ಮನೆ ಹಸು ನನ್ನನ್ನು ಅಟ್ಟಿಸಿಕೊಂಡು ಬಂದಿತ್ತು, ಅದನ್ನು ಬರೆಯಬಹುದು ಅಂತ ನನಗೇ ಹೊಳೆಯಲಿಲ್ಲ.

ಒಂದು ದಿನ ಟಾಲ್‌ಸ್ಟಾಯ್ ಗಾದೆಗಳ ಪುಸ್ತಕ ಹಿಡಿದುಕೊಂಡು ಬಂದರು. ಗಾದೆಯ ಮೇಲೆ ಕಥೆ ಬರೆಯಿರಿ ಎಂದರು. ಮಕ್ಕಳಿಗೆ ಅದು ತಮ್ಮಿಂದ ಆಗದ ಕೆಲಸ ಎನ್ನಿಸಿತು. ಒಬ್ಬ ಹುಡುಗ, ಬೇಕಾದರೆ ನೀವೇ ಬರೆಯಿರಿ ಎಂದುಬಿಟ್ಟ. ಮೇಷ್ಟ್ರು ಸಿಟ್ಟಾಗಲಿಲ್ಲ, ನಿಜವಾಗಿಯೂ ಕೂತು ಬರೆದರು! ಚಮಚದಲ್ಲಿ ಉಣ್ಣಿಸಿ ಅದರ ಹಿಡಿಯಿಂದ ಕಣ್ಣಿಗೆ ತಿವಿಯುವವರ ಬಗ್ಗೆ ಅವರಲ್ಲೊಂದು ಗಾದೆಯಿದೆ. ಅದಕ್ಕೆ ಒಬ್ಬ ರೈತ ಭಿಕ್ಷುಕನನ್ನು ಮನೆಗೆ ಸೇರಿಸಿಕೊಂಡು, ಆಮೇಲೆ ಅದನ್ನೇ ಎತ್ತಿ ಆಡುವ ಕಥೆ ಹೆಣೆದರು. ಫೇದ್ಕಾ ಎಂಬ ಹುಡುಗ ಅವರ ಕುರ್ಚಿಯ ಬೆನ್ನು ಹತ್ತಿ ಭುಜದ ಮೇಲಿನಿಂದ ಇಣುಕಿ ಓದತೊಡಗಿದ. ಮೇಷ್ಟ್ರು ಒಂದು ಪುಟ ಬರೆದು ಎಲ್ಲರಿಗೂ ಓದಿ ಹೇಳಿದರು. ಯಾರೂ ಚೆನ್ನಾಗಿದೆ ಎನ್ನಲಿಲ್ಲ. ದೇಶವೆಲ್ಲ ಹೊಗಳಿದ ಲೇಖಕರಿಗೆ ಹುಡುಗರ ಮುಂದೆ ನಾಚಿಕೆಯಾಯಿತು.

ಮುಂದೆ ಏನು ಬರೆಯಬೇಕೆಂದಿದ್ದೇನೆ ಅಂತ ಅವರು ಹೇಳತೊಡಗಿದಾಗ ಹುಡುಗರು ಒಬ್ಬೊಬ್ಬರೇ ಬಾಯಿ ಹಾಕಿದರು. ಕೊನೆಗೆ ಫೇದ್ಕಾ ಮತ್ತು ಸ್ಯೋಮ್ಕಾ ಹೇಳುತ್ತಾ ಹೋದರು, ಟಾಲ್‌ಸ್ಟಾಯ್ ಬರೆಯುತ್ತಾ ಹೋದರು. ಕಥೆಯಲ್ಲಿ ಬರುವ ನೆರೆಯವನು ಹೆಂಗಸರ ತುಪ್ಪಳದ ಕೋಟು ಹಾಕಿಕೊಂಡಿರಬೇಕು ಅಂತ ಫೇದ್ಕಾ ಹಟ ಹಿಡಿದ. ಅದು ಯಾಕಪ್ಪ ಅಂತ ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ಆ ಒಂದು ಕೋಟಿನಿಂದ ಕೈಗೆ ಸಿಕ್ಕಿದ್ದನ್ನು ಹೊದ್ದುಕೊಂಡು ಬರುವ ಸಣಕಲು ಬಡವ ಕಣ್ಣಿಗೆ ಕಟ್ಟುತ್ತಾನೆ. ಸಂಜೆ ಏಳಕ್ಕೆ ಕೂತವರು ಹನ್ನೊಂದಾದರೂ ಏಳಲಿಲ್ಲ.

ಆದರೆ ಆ ಹಸ್ತಪ್ರತಿ ಉಳಿಯಲಿಲ್ಲ ನೋಡಿ. ಕಾಗದ ಮಡಚಿ ಪಟ್ಟೆನ್ನಿಸುವ ಆಟದ ಹುಚ್ಚು ಶಾಲೆಗೆಲ್ಲ ಹಿಡಿದಿತ್ತು. ಆ ಗಲಾಟೆಯಲ್ಲಿ ಕಥೆಯ ಹಾಳೆಗಳೂ ಒಲೆ ಸೇರಿದವು. ಟಾಲ್‌ಸ್ಟಾಯ್ ತಮ್ಮ ಸ್ವಂತ ಬರಹ ಸುಟ್ಟುಹೋದರೂ ಅಷ್ಟು ಮರುಗುತ್ತಿರಲಿಲ್ಲವೇನೋ. ಸುದ್ದಿ ತಿಳಿದ ಫೇದ್ಕಾ, ಸ್ಯೋಮ್ಕಾ ಸಂಜೆ ಅವರ ಮನೆಗೆ ಬಂದರು. ಮೇಷ್ಟ್ರನ್ನೇ ಕೋಣೆಯಿಂದ ಹೊರಗಿಟ್ಟು, ಬಾಗಿಲು ಹಾಕಿಕೊಂಡು, ನಡುರಾತ್ರಿಯವರೆಗೆ ಕೂತು ಪೂರಾ ಮತ್ತೆ ಬರೆದರು!

1862ರಲ್ಲಿ ಟಾಲ್‌ಸ್ಟಾಯ್ ಊರಿನ ಹೆಸರಿನಲ್ಲೇ ಒಂದು ಪತ್ರಿಕೆ ನಡೆಸುತ್ತಿದ್ದರು. ಅದರಲ್ಲಿ ಇದನ್ನೆಲ್ಲ ಬರೆದು, ನಾವು ಮಕ್ಕಳಿಗೆ ಬರೆಯಲು ಕಲಿಸಬೇಕೋ ಅಥವಾ ಅವರಿಂದ ನಾವು ಕಲಿಯಬೇಕೋ ಅಂತ ಕೇಳಿದರು. ಮಕ್ಕಳಿಗೆ ಕೊಡುವ ವಿಷಯ ಮೇಷ್ಟ್ರಿಗೂ ಆಸಕ್ತಿ ಹುಟ್ಟಿಸುವಂಥದ್ದಿರಬೇಕು, ಬರಹ ನೋಡುವಾಗ ಅಕ್ಷರ, ಕಾಗುಣಿತ, ಚೊಕ್ಕಟತನದ ಮಾತು ಎತ್ತಲೇಬಾರದು, ಮೊದಮೊದಲು ಮೇಷ್ಟ್ರೂ ಜೊತೆಗೆ ಕೂತು ಅರ್ಧ ಭಾರ ಹೊತ್ತು ಆಮೇಲೆ ನಿಧಾನವಾಗಿ ಬಿಟ್ಟುಕೊಡಬೇಕು ಎಂಬುದು ಅವರ ಅಭಿಪ್ರಾಯ. ಕಾಗುಣಿತದ ವಿಷಯದಲ್ಲಿ ನಮ್ಮ ಕನ್ನಡ ಸರ್ ಒಪ್ಪಲಿಕ್ಕಿಲ್ಲ. ಆದರೆ ಒಂದು ಮಾತು. ಈ ಗೋಡೆ ಪತ್ರಿಕೆಗೆ ಇದುವರೆಗೆ ಬರೆದವರೆಲ್ಲ ಹುಡುಗರೇ. ಮೇಷ್ಟ್ರುಗಳದ್ದು ಕೆಂಪು ಶಾಯಿ ಮಾತ್ರ. ತಪ್ಪು ತಿಳಿಯಬೇಡಿ ಸರ್, ಮುಂದಿನ ಸಂಚಿಕೆಯಲ್ಲಿ ನಿಮ್ಮದಕ್ಕೂ ಜಾಗ ಬಿಟ್ಟಿರುತ್ತೇವೆ.

ಆ ಶಾಲೆ ಹೆಚ್ಚು ಕಾಲ ನಡೆಯಲಿಲ್ಲ. 1862ರ ಜುಲೈನಲ್ಲಿ, ಟಾಲ್‌ಸ್ಟಾಯ್ ಊರಲ್ಲಿಲ್ಲದಾಗ, ಗುಟ್ಟಾಗಿ ಏನೋ ಅಚ್ಚುಹಾಕಿಸುತ್ತಿದ್ದಾರೆಂಬ ಅನುಮಾನದಿಂದ ಪೊಲೀಸರು ಬಂದು ಮನೆಯೆಲ್ಲ ಜಾಲಾಡಿದರು. ಡೈರಿಗಳನ್ನೂ ಬಿಡದೆ ಓದಿದರು. ಏನೂ ಸಿಗಲಿಲ್ಲ, ಆದರೆ ಅವರ ಮನಸ್ಸು ಕಹಿಯಾಯಿತು. ಸೆಪ್ಟೆಂಬರಿನಲ್ಲಿ ಮದುವೆಯಾದರು, ಶಾಲೆ ನಿಂತುಹೋಯಿತು, ದೊಡ್ಡ ಕಾದಂಬರಿಯ ಕೆಲಸ ಹಿಡಿದರು.

ಆದರೂ ಮಕ್ಕಳನ್ನು ಮರೆಯಲಿಲ್ಲ. 1872ರಲ್ಲಿ ಅವರಿಗಾಗಿ ಒಂದು ಅಕ್ಷರಮಾಲೆ ಪುಸ್ತಕ ತಂದರು. ಅದು ಖರ್ಚಾಗಲಿಲ್ಲ. ಬೇಸರಪಟ್ಟು ಬಿಡಲಿಲ್ಲ, ತಿದ್ದಿ 1875ರಲ್ಲಿ ಹೊಸದಾಗಿ ಬರೆದರು. ಅದು ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಮಕ್ಕಳಿಗಾಗಿ ಬರೆದ ಓದುಪುಸ್ತಕಗಳಲ್ಲಿ ನಮ್ಮ ಭಾರತದ ನೀತಿಕಥೆಗಳೂ ಇವೆ.

1910ರ ನವೆಂಬರಿನಲ್ಲಿ, ಮನೆ ಬಿಟ್ಟು ಹೊರಟಿದ್ದಾಗ ದಾರಿಯಲ್ಲಿ ಕಾಯಿಲೆ ಬಿದ್ದು, ಅಸ್ತಾಪೊವೊ ಎಂಬ ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ 82 ವರ್ಷ. ಕುರ್ಚಿ ಹತ್ತಿ ಇಣುಕಿದ ಫೇದ್ಕಾನ ನಿಜವಾದ ಹೆಸರು ವಾಸಿಲಿ ಮೊರೊಜೊವ್. ಅವನು ದೊಡ್ಡವನಾದ ಮೇಲೆ ಆ ಶಾಲೆಯ ಮತ್ತು ಆ ಮೇಷ್ಟ್ರ ನೆನಪುಗಳನ್ನು ತಾನೇ ಬರೆದ.