ಹೆರ್ಮನ್ ಗುಂಡರ್ಟ್ ಪಾದ್ರಿಯವರ ಜೀವಿತವೂ ಮನೆಯವರು ಕಾಪಾಡಿದ ಕಾಗದಗಳೂ

ಮಲೆಯಾಳ ಭಾಷೆಗೆ ವ್ಯಾಕರಣವನ್ನೂ ಕೋಶವನ್ನೂ ಕೊಟ್ಟ ಹೆರ್ಮನ್ ಗುಂಡರ್ಟ್ ಪಾದ್ರಿಯವರ ಹೆಸರನ್ನು ನಮ್ಮ ಸಭೆಗಳವರಲ್ಲಿ ಅನೇಕರು ಕೇಳಿರುವರು. ಅವರ ಗೃಹಜೀವಿತವು ಲೋಕಕ್ಕೆ ಹೇಗೆ ತಿಳಿದುಬಂತೆಂಬುದನ್ನು ಈ ಸಾರಿ ವಾಚಕರ ಮುಂದೆ ಇಡುತ್ತೇವೆ.

ಅವರು 1814ನೆಯ ಇಸವಿ ಫೆಬ್ರವರಿ 4ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಜನಿಸಿದರು. 1836ರಲ್ಲಿ ಮದ್ರಾಸಿಗೆ ಬಂದರು. 1838ರಲ್ಲಿ ಜೂಲಿ ದ್ಯುಬುವಾ ಎಂಬ ಭಕ್ತೆಯನ್ನು ವಿವಾಹವಾಗಿ, ಅದೇ ವರುಷ ಮಂಗಳೂರಿಗೆ ಬಂದು ಬಾಸೆಲ್ ಮಿಶನಿನವರನ್ನು ಸೇರಿಕೊಂಡರು. ಮರುವರುಷ ತಲಚೇರಿಯ ಬಳಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿದರು. ಅಲ್ಲಿದ್ದಾಗ 1842ರಲ್ಲಿ ಅವರಿಗೆ ಮರೀ ಎಂಬ ಮಗಳು ಹುಟ್ಟಿದಳು.

ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ಯೂರೋಪಿನಲ್ಲಿ ಬಿಟ್ಟುಬರುವುದು ಆ ಕಾಲದ ಮಿಶನೆರಿಗಳ ವಾಡಿಕೆಯಾಗಿತ್ತು. ಗುಂಡರ್ಟರೂ 1846ರಲ್ಲಿ ಎಳೆಯ ಮರೀಯನ್ನು ಅಲ್ಲಿ ಪರರ ಪೋಷಣೆಗೆ ಒಪ್ಪಿಸಿ ಈ ದೇಶಕ್ಕೆ ಮರಳಿದರು. ಸುವಾರ್ತೆಯ ಸೇವೆಗಾಗಿ ತಾಯಿತಂದೆಗಳು ತೆತ್ತ ಬೆಲೆಯು ಸಣ್ಣದಲ್ಲ. ಆ ಮಗುವು ತೆತ್ತದ್ದೂ ಸಣ್ಣದಲ್ಲ. 1857ರಲ್ಲಿ ಮಗಳು ತಿರಿಗಿ ಈ ದೇಶಕ್ಕೆ ಬರುವ ತನಕ ಅವರನ್ನು ಕೂಡಿಸಿದವು ಕಾಗದಗಳೇ.

1859ರಲ್ಲಿ ಗುಂಡರ್ಟರು ಅಸ್ವಸ್ಥರಾಗಿ ಸ್ವದೇಶಕ್ಕೆ ಹೋದರು. ಅವರ ಕೋಶವು 1872ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. 1893ನೆಯ ಇಸವಿ ಏಪ್ರಿಲ್ 25ರಲ್ಲಿ ಅವರು ಕಾಲ್ವ್ ಎಂಬ ಊರಿನಲ್ಲಿ ಕರ್ತನಲ್ಲಿ ನಿದ್ರೆಹೋದರು.

ಮರೀಯಮ್ಮನವರು 1874ರಲ್ಲಿ, ಹಿಂದೆ ಮಂಗಳೂರಿನಲ್ಲಿ ಸೇವೆಮಾಡಿದ್ದ ಯೋಹಾನ್ನೆಸ್ ಹೆಸ್ಸೆಯವರ ಪತ್ನಿಯಾದರು. 1946ರಲ್ಲಿ ನೊಬೆಲ್ ಬಹುಮಾನ ಪಡೆದ ಗ್ರಂಥಕರ್ತ ಹೆರ್ಮನ್ ಹೆಸ್ಸೆಯವರು ಇವರ ಮಗನು. ಮಗಳಾದ ಆಡೆಲೆಯವರು ತಾಯಿಯ ಕಾಗದಗಳಿಂದಲೂ ದಿನಚರಿಗಳಿಂದಲೂ ಆಕೆಯ ಜೀವಿತವನ್ನು ಕೂಡಿಸಿ 1934ರಲ್ಲಿ ಅಚ್ಚುಹಾಕಿಸಿದರು. ಗುಂಡರ್ಟರು 1837ರಿಂದ 1859ರ ವರೆಗೆ ಬರೆದಿಟ್ಟ ದಿನಚರಿಯೂ 1983ರಲ್ಲಿ ಪುಸ್ತಕವಾಗಿ ಹೊರಬಂತು. ಒಬ್ಬ ಹಿರಿಯನ ಜೀವಿತವನ್ನು ಹುಡುಕುವವರಿಗೆ ಇಂಥ ಹಳೆಯ ಹಾಳೆಗಳೇ ದಾರಿದೀಪಗಳು.

ಪ್ರಿಯ ವಾಚಕರೇ, ನಮ್ಮ ಅಜ್ಜಂದಿರಲ್ಲಿ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ದಿನಚರಿ ಬರೆಯಲಿಲ್ಲ. ಆದರೆ ಕ್ರಿಸ್ತನನ್ನು ಅಂಗೀಕರಿಸಿದ ದಿನ ಅವರ ಹೆಸರನ್ನು ಬೋಧಕರು ಸಭೆಯ ದೀಕ್ಷಾಸ್ನಾನದ ದಫ್ತರದಲ್ಲಿ ಬರೆದರು. ಲೋಕದ ಬೇರಾವ ಪುಸ್ತಕದಲ್ಲಿಯೂ ಆ ಹೆಸರು ಇರಲಿಕ್ಕಿಲ್ಲ. ಆ ದಫ್ತರವನ್ನು ಗೆದ್ದಲಿಗೆ ಬಿಡಬಾರದು. ಹಿರಿಯರ ಹೆಸರನ್ನೂ ದೀಕ್ಷಾಸ್ನಾನದ ದಿನವನ್ನೂ ಮನೆಯ ಬೈಬಲಿನ ಮೊದಲನೆಯ ಹಾಳೆಯಲ್ಲಿ ಬರೆದುಕೊಳ್ಳಿರಿ. ಮತ್ತಾಯನ ಸುವಾರ್ತೆಯು ಒಂದು ವಂಶಾವಳಿಯಿಂದಲೇ ಆರಂಭವಾಗುತ್ತದಲ್ಲವೇ? ದೇವರು ಮರೆಯದ ಹೆಸರುಗಳನ್ನು ನಾವೂ ಮರೆಯದಿರೋಣ.