ದೇವಾಸದ ಮೌನ

ಕಳೆದ ಶ್ರಾವಣದಲ್ಲಿ ತೀರ್ಥಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಗರದ ನಮ್ಮ ಮನೆಗೆ ಬಂದಿದ್ದ. ಯಾವ ಸಂಸ್ಥೆಯ ಆಶ್ರಯವೂ ಇಲ್ಲದೆ, ಭಾವಗೀತೆಗಳಿಗೆ ತಾನೇ ರಾಗ ಸಂಯೋಜಿಸಿ ಊರೂರು ತಿರುಗಿ ಹಾಡಿ ಬದುಕುವವನು ಅವನು. ಒಂದು ವರ್ಷದಿಂದ ಹೊಸದೊಂದು ಸ್ವರವೂ ಹುಟ್ಟುತ್ತಿಲ್ಲ, ಹಾಡಿದ್ದನ್ನೇ ಹಾಡಿ ಹಾಡಿ ತನ್ನ ದನಿಯೇ ತನಗೆ ಬೇಸರವಾಗಿದೆ ಎಂದ. ಹೊಸನಗರದಲ್ಲಿ ಹಾರ್ಮೋನಿಯಂ ಕೊಳ್ಳುವವರು ಸಿಕ್ಕಿದ್ದಾರೆ, ಹಿಂದಿರುಗುವಾಗ ಅಲ್ಲಿಳಿದು ಮಾತು ಮುಗಿಸುವೆನೆಂದ. ಇನ್ನಷ್ಟು ಸಾಧನೆ ಮಾಡು ಎಂದು ಉಪಾಧ್ಯಾಯರ ಧಾಟಿಯಲ್ಲಿ ಬುದ್ಧಿ ಹೇಳಿದೆ. ಹೇಳಿದ ಮರುಕ್ಷಣವೇ ಆ ಮಾತಿನ ಟೊಳ್ಳುತನ ನನಗೇ ನಾಚಿಕೆ ತಂದಿತು. ಆಗ ನೆನಪಾದುದು ಕುಮಾರ ಗಂಧರ್ವರ ಜೀವನ. ಹೊರಗೆ ಮಳೆ ಹಿಡಿದು ನಿಂತಿತ್ತು; ಸಂಜೆಯವರೆಗೂ ಅದನ್ನೇ ಹೇಳಿದೆ.

ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಕನ್ನಡ ನಾಡಿನ ಕೂಸು. ಹಿರಿಯ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಅವರ ತಾನು, ಆಲಾಪ, ಕಂಠದ ಕೊಂಕುಗಳನ್ನೆಲ್ಲ ಹಾಗೆಯೇ ಒಪ್ಪಿಸುತ್ತಿದ್ದ ಅದ್ಭುತ ಬಾಲಕ. ವೀರಶೈವ ಮಠಾಧಿಪತಿಯೊಬ್ಬರು ಆ ಹುಡುಗನ ಗಾನಕ್ಕೆ ಮೆಚ್ಚಿ ಇತ್ತ ಬಿರುದೇ ಹುಟ್ಟುಹೆಸರನ್ನು ಮರೆಸಿತು. 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನ ಸಂಗೀತ ಸಮ್ಮೇಳನದಲ್ಲಿ ಹಾಡಿದಾಗ ವಿದ್ವಾಂಸರು ತಲೆದೂಗಿದರು. ಆದರೆ ಅನುಕರಣ ಎಷ್ಟು ಸೊಗಸಾಗಿದ್ದರೂ ಎರವಲು ಒಡವೆಯೇ. ಅದೃಷ್ಟವಶಾತ್ ಹುಡುಗ ಪ್ರೊ. ಬಿ. ಆರ್. ದೇವಧರರ ಶಾಲೆ ಸೇರಿದ. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಒಂದೇ ಘರಾಣೆಯ ಬೇಲಿಯೊಳಗೆ ಶಿಷ್ಯರನ್ನು ಕಟ್ಟಿಹಾಕುವವರಲ್ಲ. ನಾನಾ ಪರಂಪರೆಯ ಕಲಾವಿದರನ್ನು ಅಲ್ಲಿ ಕುಮಾರರು ಕೇಳಿದರು, ಕಲಿತರು, ಕಲಿಸಿದರು.

1947ರಲ್ಲಿ ಅವರಿಗೆ ಇಪ್ಪತ್ಮೂರು ವರ್ಷ. ಕೀರ್ತಿಯಿತ್ತು, ಕಛೇರಿಗಳಿದ್ದವು, ಸಹಪಾಠಿ ಗಾಯಕಿ ಭಾನುಮತಿ ಕಂಸರೊಡನೆ ವಿವಾಹವೂ ಆ ವರ್ಷವೇ ಆಯಿತು. ಅದೇ ವರ್ಷ ಕ್ಷಯ ಕಾಣಿಸಿಕೊಂಡಿತು. ಒಣಹವೆಯ ಊರೆಂದು 1948ರ ಜನವರಿಯಲ್ಲಿ ದಂಪತಿಗಳು ಮಾಳ್ವದ ದೇವಾಸಕ್ಕೆ ಹೋದರು. ಗಾಂಧೀಜಿಯವರ ಹತ್ಯೆಯ ತಿಂಗಳದು. ಹಾಡಕೂಡದೆಂದು ವೈದ್ಯರ ಕಟ್ಟಾಜ್ಞೆ. ಗಾಯಕನಿಗೆ ಇದಕ್ಕಿಂತ ಘೋರವಾದ ಶಿಕ್ಷೆಯುಂಟೆ? ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯೋಗಿಯಾಯಿತು. ಭಾನುಮತಿ ಶಾಲೆಯಲ್ಲಿ ಪಾಠ ಹೇಳಿ ಸಂಸಾರ ತೂಗಿಸಿದರು, ರೋಗಿಯ ಶುಶ್ರೂಷೆಯನ್ನೂ ಮಾಡಿದರು. ಆಕೆಯೂ ಗಾಯಕಿಯೇ ಎಂಬುದನ್ನು ಈ ಕಥೆ ಹೇಳುವವರು ಬೇಗ ಮರೆಯುತ್ತಾರೆ. ಒಂದು ದನಿಯನ್ನು ಉಳಿಸಲು ಇನ್ನೊಂದು ದನಿ ಹಿಂದೆ ಸರಿದು ನಿಂತಿತು. ಅದರ ಲೆಕ್ಕ ಯಾವ ಪುಸ್ತಕದಲ್ಲಿಯೂ ಬರೆದಿಡುವುದಿಲ್ಲ.

ಹಾಸಿಗೆಯಲ್ಲಿ ಮಲಗಿದ್ದವರಿಗೆ ಉಳಿದದ್ದು ಕಿವಿಯೊಂದೇ. ಗಾಳಿಯ ಸದ್ದು, ಹಕ್ಕಿಗಳ ಕೂಗು, ಮನೆಯ ಮುಂದೆ ಹಾಡಿಕೊಂಡು ಹೋಗುವ ಹಳ್ಳಿಯ ಹೆಂಗಸರ ಪದಗಳು, ನಾಥಪಂಥದ ಜೋಗಿಗಳ ನಿರ್ಗುಣ ಭಜನೆ ಇವೇ ಅವರ ನಿತ್ಯದ ಕಛೇರಿ. ಹಿಂದೆ ಗ್ರಾಮಫೋನಿಗೆ ಕಿವಿಗೊಟ್ಟಾಗ ಕೇಳಿದ್ದು ಒಪ್ಪಿಸುವುದಕ್ಕಾಗಿ. ಈಗ ಒಪ್ಪಿಸುವ ಹಂಗೇ ಇರಲಿಲ್ಲ. ಮೂರು ನಾಲ್ಕು ಸ್ವರಗಳಲ್ಲೇ ಸುಳಿದಾಡುವ ಆ ಧಾಟಿಗಳೊಳಗೆ ರಾಗದ ಬೀಜಗಳು ಅವರಿಗೆ ಕಾಣತೊಡಗಿದವು. ಹಾಡುತ್ತಿದ್ದಷ್ಟು ಕಾಲ ಕೇಳದಿದ್ದುದು ಹಾಡಲಾಗದೆ ಮಲಗಿದಾಗ ಕೇಳಿಸಿತು. ಇದು ಅಭ್ಯಾಸದ ಫಲವಲ್ಲ, ಅಭ್ಯಾಸ ನಿಂತದ್ದರ ಫಲ. ಉಪಾಧ್ಯಾಯರಾದ ನಮಗೆ ಒಪ್ಪಲು ಸ್ವಲ್ಪ ಕಷ್ಟವಾದ ಸಂಗತಿ.

1952ರ ಸುಮಾರಿಗೆ ಸ್ಟ್ರೆಪ್ಟೋಮೈಸಿನ್ ಔಷಧಿ ಒದಗಿತು, ರೋಗ ಇಳಿಯಿತು. 1953ರಲ್ಲಿ ಅವರು ಮತ್ತೆ ವೇದಿಕೆಯೇರಿದಾಗ ಜನ ಕೇಳಿದ್ದು ಹಳೆಯ ಕುಮಾರರನ್ನಲ್ಲ. ಸ್ವರಗಳು ಚಿಕ್ಕ ಚಿಕ್ಕ ತುಣುಕುಗಳಾಗಿ ಚಿಮ್ಮುತ್ತಿದ್ದವು. ನಡುವೆ ನಿಶ್ಶಬ್ದ, ಮತ್ತೆ ಒಮ್ಮೆಗೇ ಮೇಲೇರುವ ದನಿ. ಉಸಿರು ಸಾಲದ್ದರಿಂದ ಹುಟ್ಟಿದ ಶೈಲಿಯೆಂದು ಅನೇಕರ ವ್ಯಾಖ್ಯೆ. ಇರಬಹುದು, ಆದರೆ ಅಷ್ಟೇ ಆಗಿದ್ದರೆ ಕೆಮ್ಮುವವರೆಲ್ಲ ಕಲಾವಿದರಾಗಬೇಕಿತ್ತು. ಉಸಿರಿನ ಕೊರತೆಯನ್ನು ಅವರು ಮೌನಕ್ಕೆ ಸ್ಥಳವಾಗಿ ಮಾರ್ಪಡಿಸಿಕೊಂಡರೆಂದು ನನ್ನ ಗ್ರಹಿಕೆ. ಸಂಪ್ರದಾಯಸ್ಥರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ವಿಲಂಬಿತದ ವಿಸ್ತಾರವಿಲ್ಲ, ಘರಾಣೆಯ ಶಿಸ್ತಿಲ್ಲ ಎಂಬ ಆಕ್ಷೇಪ ಕೊನೆಯವರೆಗೂ ಇದ್ದಿತು. ಆ ಆಕ್ಷೇಪದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ.

ಅವರು ಮುಂಬಯಿಗೆ ಮರಳಲಿಲ್ಲ. ದೇವಾಸದಲ್ಲೇ ನೆಲೆಸಿ ಮಾಳ್ವದ ಜಾನಪದ ಗೀತೆಗಳನ್ನು ಕಲೆಹಾಕಿದರು. ಅವುಗಳಿಂದಲೇ ಹೊಸ ರಾಗಗಳನ್ನು ರೂಪಿಸಿದರು. ಕಬೀರನ ನಿರ್ಗುಣ ಪದಗಳನ್ನು ಹಾಡಿದಾಗಲಂತೂ ಆ ದನಿ ಅರಳೆಯ ಅಂಗಡಿಯಲ್ಲಿ ಬಿದ್ದ ಕಿಡಿಯಂತೆ ದೇಶವೆಲ್ಲ ಹಬ್ಬಿತು. 1961ರಲ್ಲಿ ಭಾನುಮತಿ ತೀರಿಕೊಂಡರು. 1965ರಲ್ಲಿ ತಮ್ಮ ರಚನೆಗಳ ಅನೂಪರಾಗವಿಲಾಸವನ್ನು ಪ್ರಕಟಿಸಿದರು. ಪದ್ಮಭೂಷಣ, ಪದ್ಮವಿಭೂಷಣಗಳು ಬಂದವು. 1992ರ ಜನವರಿ 12ರಂದು ದೇವಾಸದಲ್ಲೇ ಅವರ ಉಸಿರು ನಿಂತಿತು.

ನನ್ನ ವಿದ್ಯಾರ್ಥಿ ಇದನ್ನೆಲ್ಲ ಕೇಳಿ ಒಂದು ಪ್ರಶ್ನೆ ಕೇಳಿದ. ಆ ವರ್ಷಗಳಲ್ಲಿ, ಮರಳಿ ಹಾಡುವೆನೆಂಬ ಭರವಸೆ ಅವರಿಗಿತ್ತೇ ಎಂದು. ಉತ್ತರ ನನ್ನಲ್ಲಿರಲಿಲ್ಲ. ಭರವಸೆಯಿದ್ದು ಕೇಳುವುದು ಬೇರೆ, ಇಲ್ಲದೆಯೂ ಕೇಳುವುದು ಬೇರೆ ಎಂದಷ್ಟೇ ತೊದಲಿದೆ. ಅವನೂ ಮುಂದೆ ಕೆದಕಲಿಲ್ಲ. ಸಂಜೆಯ ಬಸ್ಸಿಗೆ ಹೊರಟಾಗ ಛತ್ರಿ ಮರೆತು ಹೋದ.

ವಾರದ ಮೇಲೆ ಛತ್ರಿಯ ನೆಪದಲ್ಲಿ ದೂರವಾಣಿ ಮಾಡಿದೆ. ಅಂದು ಬಸ್ಸು ಹೊಸನಗರದಲ್ಲಿ ಹತ್ತು ನಿಮಿಷ ನಿಂತಿತ್ತಂತೆ. ಮಳೆ ಜೋರಾಗಿದ್ದರಿಂದ ಅವನು ಇಳಿಯಲಿಲ್ಲವಂತೆ. ಹೊಸ ಹಾಡೇನಾದರೂ ಆಯಿತೇ ಎಂದು ಕೇಳಿದೆ. ಇಲ್ಲ ಮೇಷ್ಟ್ರೇ ಎಂದ. ತಾಯಿ ಅಡಿಕೆ ಚಪ್ಪರದಲ್ಲಿ ಗುನುಗುವ ಹಳೆಯ ಪದವೊಂದನ್ನು ಮೂರು ದಿನದಿಂದ ಸುಮ್ಮನೆ ಕೂತು ಕೇಳುತ್ತಿದ್ದೇನೆ ಎಂದ.